ಒಂದೇ ಊರಿಗೆ ಎಷ್ಟು ಟ್ಯಾಗ್?

ಕೇಳುಗರಿಗೆ ನಮಸ್ಕಾರ.

ಮೊಬೈಲಿನಲ್ಲಿ ಟಿಪ್ಪಣಿ ಬರೆದಿಟ್ಟುಕೊಳ್ಳುವವರು ಈಗ ನಮ್ಮ ಕಡೆಯೂ ಜಾಸ್ತಿ ಆಗಿದ್ದಾರೆ. ಗೊಬ್ಬರದಂಗಡಿಯ ಉದ್ರಿ ಲೆಕ್ಕ, ಡಾಕ್ಟರು ಹೇಳಿದ ಮಾತ್ರೆ, ಮಗಳ ಪರೀಕ್ಷೆಯ ತಾರೀಖು, ಎಲ್ಲೋ ಓದಿ ಇಷ್ಟವಾದ ಒಂದು ವಚನ, ಎಲ್ಲವೂ ಒಂದೇ ಆ್ಯಪ್‌ನಲ್ಲಿ. ಬರೆಯುವುದೇನೋ ಸಲೀಸು. ವರ್ಷ ಬಿಟ್ಟು ಹುಡುಕಲು ಕೂತಾಗ ತಲೆ ಕೆಡುತ್ತದೆ. ಅದಕ್ಕೆಂದೇ ಟ್ಯಾಗ್ ಎಂಬ ಸೌಲಭ್ಯ ಇದೆ. ಟಿಪ್ಪಣಿಯ ಕೆಳಗೆ ಹ್ಯಾಶ್ ಗುರುತು ಹಾಕಿ ಒಂದು ಪದ ಬರೆದರೆ ಆಯಿತು. ಆಮೇಲೆ ಆ ಪದ ಒತ್ತಿದರೆ ಅದೇ ಟ್ಯಾಗ್ ಇರುವ ಟಿಪ್ಪಣಿಗಳೆಲ್ಲ ಸಾಲಾಗಿ ಬರುತ್ತವೆ. ಗೂಗಲ್ ಕೀಪ್‌ನಲ್ಲಿ ಇದಕ್ಕೆ ಲೇಬಲ್ ಎನ್ನುತ್ತಾರೆ. ಹೆಸರು ಬೇರೆ, ಕೆಲಸ ಒಂದೇ. ಈ ಟ್ಯಾಗುಗಳು ಕೈಮೀರಿ ಬೆಳೆಯದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇವತ್ತಿನ ಮಾತು.

ಸರ್ಚ್ ಇದೆಯಲ್ಲ, ಟ್ಯಾಗ್ ಯಾಕೆ ಎಂದು ಕೇಳುವವರಿದ್ದಾರೆ. ಇಂಗ್ಲಿಷಿನಲ್ಲಿ ಬರೆಯುವವರು ಕೇಳಿದರೆ ಒಪ್ಪಬಹುದು. ನಾವು ಬರೆಯುವುದು ಕನ್ನಡದಲ್ಲಿ ಅಲ್ವಾ? ಇಲ್ಲಿ ಪದ ಇದ್ದ ಹಾಗೆ ಇರುವುದಿಲ್ಲ. ‘ನೀರು’ ಎಂದು ಹುಡುಕಿ ನೋಡಿ. ‘ಕಾಲುವೆ ನೀರಿನ ಸರದಿ ಬುಧವಾರ’ ಎಂದು ಬರೆದಿಟ್ಟದ್ದು ಸಿಗುವುದಿಲ್ಲ, ಯಾಕೆಂದರೆ ಅಲ್ಲಿರುವುದು ‘ನೀರಿನ’. ‘ಮಣ್ಣು’ ಎಂದರೆ ‘ಮಣ್ಣಿನ ಪರೀಕ್ಷೆ’ ಸಿಗುವುದಿಲ್ಲ. ‘ಸಾಲ’, ‘ಭತ್ತ’ ಇಂಥ ಪದಗಳಾದರೆ ಬಚಾವ್. ‘ಸಾಲದ’, ‘ಭತ್ತಕ್ಕೆ’ ಎಂದಾಗಲೂ ಮೂಲ ಪದ ಹಾಗೇ ಉಳಿದಿರುತ್ತದೆ. ಉಕಾರದಲ್ಲಿ ಮುಗಿಯುವ ಪದಗಳಲ್ಲೇ ತೊಂದರೆ. ನಮ್ಮಲ್ಲಿ ಅಂಥವು ಒಂದೆರಡಲ್ಲ. ಬಹಳಷ್ಟು ಆ್ಯಪ್‌ಗಳು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತವೆ ಅಷ್ಟೇ, ವಿಭಕ್ತಿ ಗಿಭಕ್ತಿ ಅವಕ್ಕೆ ತಿಳಿಯದು. ಹಾಗಾಗಿ ಕನ್ನಡದಲ್ಲಿ ಬರೆಯುವವರಿಗೆ ಟ್ಯಾಗ್ ಇನ್ನೂ ಒಂದು ಕೈ ಹೆಚ್ಚು ಬೇಕು ಎನ್ನುವುದು ನನ್ನ ಅಭಿಪ್ರಾಯ. ಟ್ಯಾಗ್ ಬರೆಯುವಾಗ ಮಾತ್ರ ಪದ ಬೋಳಾಗಿ ಇರಲಿ. ‘ನೀರು’ ಎಂದರೆ ನೀರು. ‘ನೀರಿನ’ ಬೇಡ, ‘ಬೆಳೆಗಳು’ ಬೇಡ, ‘ಬೆಳೆ’ ಸಾಕು.

ಇಷ್ಟು ಮಾಡಿದರೂ ಗೊಂದಲ ಇನ್ನೊಂದು ಕಡೆಯಿಂದ ಬರುತ್ತದೆ. ನಾನಿರುವುದು ಗಂಗಾವತಿಯಲ್ಲಿ. ಇಲ್ಲಿ ಭತ್ತವಿಲ್ಲದೆ ಮಾತಿಲ್ಲ. ಒಬ್ಬರೇ ಮನುಷ್ಯರು ಒಂದು ದಿನ ‘ಭತ್ತ’ ಎಂದು ಟ್ಯಾಗ್ ಹಾಕುತ್ತಾರೆ, ಅವಸರದಲ್ಲಿ ಇನ್ನೊಂದು ದಿನ ‘ಬತ್ತ’, ಮನೆಯಲ್ಲಿ ಮಾತಾಡುವಂತೆ ‘ನೆಲ್ಲು’, ಬೀಜದ ಚೀಲ ನೋಡಿಕೊಂಡು ಬರೆದರೆ ‘ಪ್ಯಾಡಿ’. ಒಂದೇ ಜೀರಿಗೆಯನ್ನು ನಾಲ್ಕು ಡಬ್ಬಿಗೆ ತುಂಬಿ ನಾಲ್ಕಕ್ಕೂ ಬೇರೆ ಬೇರೆ ಚೀಟಿ ಅಂಟಿಸಿದ ಹಾಗೆ. ಇದರಲ್ಲಿ ಕೆಟ್ಟದ್ದೇನೆಂದರೆ, ಒಂದು ಡಬ್ಬಿ ತೆಗೆದಾಗ ಅರ್ಧ ಸಿಗುತ್ತದೆ. ಏನೂ ಸಿಗದಿದ್ದರೆ ಬೇರೆ ಕಡೆ ಹುಡುಕುತ್ತಿದ್ದಿರಿ. ಅರ್ಧ ಸಿಕ್ಕಿದಾಗ ಇಷ್ಟೇ ಇರಬೇಕು ಎಂದು ಸುಮ್ನಾಗುತ್ತೀರಿ.

ಲೈಬ್ರರಿಯವರು ಈ ತಂಟೆಯನ್ನು ನೂರು ವರ್ಷಕ್ಕೂ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ಒಂದು ವಿಷಯಕ್ಕೆ ಒಂದೇ ಹೆಸರು ಆರಿಸುತ್ತಾರೆ. ಉಳಿದ ಹೆಸರುಗಳನ್ನು ಬಿಸಾಕುವುದಿಲ್ಲ. ಅವಕ್ಕೂ ಒಂದೊಂದು ಕಾರ್ಡ್ ಬರೆದು ‘ನೆಲ್ಲು: ಭತ್ತ ನೋಡಿ’ ಎಂದು ಕೈ ತೋರಿಸುತ್ತಾರೆ. ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಹೇಳಿದರು. ನಾಲ್ಕನೆಯದು, ಓದುಗನ ಸಮಯ ಉಳಿಸಿ ಎಂಬುದು. ನಿಮ್ಮ ಟಿಪ್ಪಣಿಗೆ ಓದುಗರು ಯಾರು? ನೀವೇ. ಅದೂ ಇವತ್ತಿನ ನೀವಲ್ಲ, ಇವತ್ತು ಬರೆದದ್ದನ್ನು ಪೂರಾ ಮರೆತ ಮುಂದಿನ ವರ್ಷದ ನೀವು. ಟ್ಯಾಗ್ ಹಾಕುವಾಗ ‘ಇದರಲ್ಲಿ ಏನಿದೆ’ ಎಂದು ಕೇಳಿಕೊಳ್ಳುವುದಕ್ಕಿಂತ ‘ಇದನ್ನು ಏನೆಂದು ಹುಡುಕುತ್ತೇನೆ’ ಎಂದು ಕೇಳಿಕೊಳ್ಳಿ. ಇವೆರಡೂ ಒಂದೇ ಅಲ್ಲ.

ಒಂದು ಟಿಪ್ಪಣಿ ಓದುತ್ತೇನೆ. ‘ಕಾರಟಗಿ ಹೊಲ. ಎಲೆ ಮೇಲೆ ಕಣ್ಣಿನಾಕಾರದ ಚುಕ್ಕೆ, ನಡುವೆ ಬೂದಿ ಬಣ್ಣ. ಯೂರಿಯಾ ಜಾಸ್ತಿ ಬಿದ್ದಿದೆ ಅಂದರು.’ ಇಷ್ಟೇ. ಹೊಲದ ಬದುವಿನ ಮೇಲೆ ನಿಂತು ಬರೆದದ್ದು ಹೀಗೇ ಇರುತ್ತದೆ. ಇದು ಭತ್ತಕ್ಕೆ ಬರುವ ಬೆಂಕಿರೋಗದ ಲಕ್ಷಣ. ಆದರೆ ಇದರಲ್ಲಿ ಭತ್ತ ಎಂಬ ಪದ ಇಲ್ಲ. ಬೆಂಕಿರೋಗ ಎಂಬ ಪದವೂ ಇಲ್ಲ. ಮುಂದಿನ ಮುಂಗಾರಿನಲ್ಲಿ ನೀವು ಹುಡುಕುವುದು ಈ ಎರಡನ್ನೇ. ಹಾಗಾಗಿ ಟ್ಯಾಗ್ ಎರಡು ಸಾಕು: ಭತ್ತ, ಬೆಂಕಿರೋಗ. ಕಾರಟಗಿ ಎಂಬ ಊರ ಹೆಸರು ಟಿಪ್ಪಣಿಯಲ್ಲೇ ಇದೆ, ಸರ್ಚ್‌ಗೆ ಸಿಗುತ್ತದೆ. ತಾರೀಖನ್ನು ಆ್ಯಪ್ ತಾನೇ ಇಟ್ಟುಕೊಂಡಿರುತ್ತದೆ. ಬರೆದ ಮಾತಿನಲ್ಲಿ ಇಲ್ಲದ್ದನ್ನು ಟ್ಯಾಗ್ ಹೇಳಬೇಕು. ಇದ್ದದ್ದನ್ನೇ ಮತ್ತೆ ಹೇಳಿಸಿದರೆ ಪಟ್ಟಿ ಉದ್ದ ಆಗುತ್ತದೆ, ಕೆಲಸ ಆಗುವುದಿಲ್ಲ.

ಇನ್ನು ಊರಿನ ಟ್ಯಾಗುಗಳು. ನಮ್ಮ ಕಡೆಯ ಜಿಲ್ಲೆಗಳವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆನೆಗೊಂದಿಯ ಬಗ್ಗೆ ಬರೆದಿಟ್ಟಿದ್ದೀರಿ ಅನ್ನಿ. ಯಾವ ಜಿಲ್ಲೆ ಎಂದು ಹಾಕುತ್ತೀರಿ? 1997ರವರೆಗೆ ಅದು ರಾಯಚೂರು ಜಿಲ್ಲೆ. ಆ ವರ್ಷ ಕೊಪ್ಪಳ ಬೇರೆಯಾಯಿತು, ಆನೆಗೊಂದಿ ಕೊಪ್ಪಳಕ್ಕೆ ಬಂತು. ಹೊಳೆ ದಾಟಿದರೆ ಹಂಪಿ. ಅದು 2021ರವರೆಗೆ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ. ಬಳ್ಳಾರಿಯದಂತೂ ಇನ್ನೊಂದು ಕತೆ. 1953ರ ತನಕ ಮದ್ರಾಸಿನೊಂದಿಗಿತ್ತು, ಆ ವರ್ಷ ಮೈಸೂರು ರಾಜ್ಯಕ್ಕೆ ಸೇರಿತು. ಇಂಗ್ಲಿಷ್ ಸ್ಪೆಲ್ಲಿಂಗ್ ಸರಿಹೋಗಲು 2014ರ ನವೆಂಬರ್ 1 ಬರಬೇಕಾಯಿತು. ಇಡೀ ಸೀಮೆಗೆ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದೆವು, 2019ರಿಂದ ಕಲ್ಯಾಣ ಕರ್ನಾಟಕ. ಹಳೇ ಪೇಪರ್ ಕಟಿಂಗ್‌ನಲ್ಲಿ ಒಂದು, ಹೊಸದರಲ್ಲಿ ಇನ್ನೊಂದು. ಕಾರಟಗಿ ಮೊದಲು ಗಂಗಾವತಿ ತಾಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲೂಕು.

ನಾನು ಹೇಳುವುದು ಇಷ್ಟು. ಜಿಲ್ಲೆ, ತಾಲೂಕು, ಸೀಮೆ ಇವನ್ನು ಟ್ಯಾಗ್ ಮಾಡಬೇಡಿ. ಮಾಡಲೇಬೇಕೆಂದರೆ ಊರನ್ನು ಮಾಡಿ. ಸರ್ಕಾರ ಗೆರೆಯನ್ನು ಎಲ್ಲಿ ಬೇಕಾದರೂ ಎಳೆಯಲಿ, ಆನೆಗೊಂದಿ ಆನೆಗೊಂದಿಯಾಗೇ ಇರುತ್ತದೆ. ಇದಕ್ಕೂ ಹೊರತಾದದ್ದು ಉಂಟು ಎನ್ನಿ. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ನಾರಾಯಣದೇವರಕೆರೆ ನೀರಲ್ಲಿ ಮುಳುಗಿತು, ಜನ ಮರಿಯಮ್ಮನಹಳ್ಳಿಗೆ ಬಂದರು. ಅಂಥ ಕಡೆ ಎರಡೂ ಹೆಸರು ಹಾಕುವುದೇ ಸರಿ. ಊರಿನ ಹೆಸರಿನ ಕಾಗುಣಿತವನ್ನೂ ಒಮ್ಮೆ ಗಟ್ಟಿ ಮಾಡಿಕೊಳ್ಳಿ. ಸಿಂಧನೂರು, ಸಿಂದನೂರು, ಲಿಂಗಸುಗೂರು, ಲಿಂಗಸೂಗೂರು. ಯಾವುದು ಸರಿ ಎಂದು ಜಗಳ ಬೇಡ. ನಿಮ್ಮ ಪಟ್ಟಿಯಲ್ಲಿ ಒಂದಿರಲಿ.

ಒಂದೇ ವಿಷಯಕ್ಕೆ ಎರಡು ಹೆಸರಿದ್ದರೆ ಎಂಥ ಪಜೀತಿ ಎಂಬುದಕ್ಕೆ ನಮ್ಮ ಸೀಮೆಯ ಬಂಡೆಗಳೇ ಸಾಕ್ಷಿ. ದೇಶದ ಉದ್ದಕ್ಕೂ ಸಿಕ್ಕ ಶಾಸನಗಳಲ್ಲಿ ರಾಜನ ಹೆಸರು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಇತ್ತು. ಇವನೇ ಅಶೋಕ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು, ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಬಿದ್ದ ಶಾಸನದಲ್ಲಿ ‘ದೇವಾನಾಂಪ್ರಿಯ’ದ ಜೊತೆಗೇ ‘ಅಶೋಕ’ ಎಂಬ ಹೆಸರೂ ಇತ್ತು. ಅಲ್ಲಿಗೆ ಎರಡೂ ಹೆಸರು ಒಬ್ಬನದೇ ಎಂದು ಖಾತ್ರಿಯಾಯಿತು. ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನ ಶಾಸನಗಳೂ ಅವನವೇ. ಇತಿಹಾಸದ ಆಸಕ್ತಿ ಇರುವವರ ಮೊಬೈಲಿನಲ್ಲಿ ಇವೆಲ್ಲ ‘ಬಂಡೆ ಬರಹ’, ‘ಶಿಲಾಶಾಸನ’, ‘ಮೌರ್ಯರು’ ಎಂದು ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ‘ಅಶೋಕ’ ಎಂಬ ಒಂದು ಟ್ಯಾಗ್ ಐದೂ ಜಾಗಗಳನ್ನು ಒಂದೆಡೆ ತರುತ್ತದೆ.

ಈಗ ಆ್ಯಪ್‌ನ ಒಳಗಿನ ಕೆಲವು ಸಂಗತಿ. ಅಬ್ಸಿಡಿಯನ್ ಎಂಬ ಟಿಪ್ಪಣಿ ಆ್ಯಪ್ ಬಳಸುವವರು ಗಮನಿಸಿ. ಟ್ಯಾಗ್‌ನ ನಡುವೆ ಜಾಗ ಬಿಡುವಂತಿಲ್ಲ. ‘ತುಂಗಭದ್ರಾ ಎಡದಂಡೆ’ ಎಂದು ಬರೆದರೆ ತುಂಗಭದ್ರಾಕ್ಕೇ ನಿಂತುಬಿಡುತ್ತದೆ. ನಡುವೆ ಅಡ್ಡಗೆರೆ ಬೇಕು. ಬರೀ ಅಂಕಿಯೂ ಟ್ಯಾಗ್ ಆಗುವುದಿಲ್ಲ, ಜೊತೆಗೆ ಒಂದು ಅಕ್ಷರವಾದರೂ ಇರಬೇಕು. ಓರೆಗೆರೆ ಹಾಕಿ ‘ಬೆಳೆ/ಭತ್ತ’, ‘ಬೆಳೆ/ತೊಗರಿ’ ಎಂದು ಒಳಟ್ಯಾಗ್ ಮಾಡಬಹುದು. ‘ಬೆಳೆ’ ಎಂದು ಹುಡುಕಿದರೆ ಎರಡೂ ಬರುತ್ತವೆ. ಚೆನ್ನಾಗಿದೆ ಎಂದು ನಾಲ್ಕು ಮೆಟ್ಟಿಲು ಇಳಿಯಬೇಡಿ. ಎರಡು ಸಾಕು. ಹೆಸರು ಬದಲಿಸಬೇಕೆಂದರೆ ಕೀಪ್‌ನಲ್ಲಿ ಲೇಬಲ್ ತಿದ್ದಿದರೆ ಎಲ್ಲ ಕಡೆ ಬದಲಾಗುತ್ತದೆ. ಅಬ್ಸಿಡಿಯನ್‌ನಲ್ಲಿ ಟ್ಯಾಗ್ ರ‍್ಯಾಂಗ್ಲರ್ ಎಂಬ ಪ್ಲಗಿನ್, ಅಂದರೆ ಬೇಕಾದರೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ, ಇದೆ. ಅದರಲ್ಲಿ ‘ಬತ್ತ’ವನ್ನು ‘ಭತ್ತ’ಕ್ಕೆ ಸೇರಿಸಿದ ಮೇಲೆ ಯಾವುದು ಯಾವುದಿತ್ತು ಎಂದು ಮತ್ತೆ ಬಿಡಿಸಲು ಬರುವುದಿಲ್ಲ. ಮೊದಲು ಒಂದು ಕಾಪಿ ತೆಗೆದಿಡಿ.

ಟ್ಯಾಗ್ ಪಟ್ಟಿಯನ್ನು ಆಗಾಗ ಅಕ್ಷರದ ಪ್ರಕಾರ ಜೋಡಿಸಿ ನೋಡಿ. ಬತ್ತ, ಭತ್ತ ಹತ್ತಿರ ಹತ್ತಿರ ಬರುತ್ತವೆ, ತಪ್ಪು ತಾನೇ ಕಾಣುತ್ತದೆ. ‘ನೆಲ್ಲು’ ಮಾತ್ರ ದೂರ ಕೂತಿರುತ್ತದೆ, ಅದನ್ನು ನೀವೇ ಹಿಡಿಯಬೇಕು. ಒಂದೇ ಟಿಪ್ಪಣಿಗೆ ಬಳಸಿದ ಟ್ಯಾಗ್ ಕಂಡರೆ ಅದು ಬೇಕೇ ಎಂದು ಕೇಳಿ. ‘ಇತರೆ’, ‘ಮುಖ್ಯ’ ಎಂಬ ಎರಡನ್ನು ಕೇಳದೆಯೇ ತೆಗೆಯಿರಿ. ‘ಇತರೆ’ ಎಂದು ಯಾರೂ ಏನನ್ನೂ ಹುಡುಕುವುದಿಲ್ಲ. ‘ಮುಖ್ಯ’ ಎಂಬುದು ಬರೆಯುವ ಹೊತ್ತಿಗೆ ಎಲ್ಲದಕ್ಕೂ ಅನ್ವಯಿಸುತ್ತದೆ. ರಾಯಚೂರಿನಲ್ಲೇ ಹುಟ್ಟಿ ಅಲ್ಲೇ ಇರುವವರಿಗೆ ‘ರಾಯಚೂರು’ ಎಂಬ ಟ್ಯಾಗ್ ಕೂಡ ಅಷ್ಟೇ.

ಆರಿಸಿದ ಹೆಸರುಗಳನ್ನು ಒಂದು ಪ್ರತ್ಯೇಕ ಟಿಪ್ಪಣಿಯಲ್ಲಿ ಬರೆದಿಡಿ, ‘ನೆಲ್ಲು: ಭತ್ತ ನೋಡಿ’ ಎಂಬುದೂ ಅಲ್ಲೇ ಇರಲಿ. ಹಳೆಯದನ್ನೆಲ್ಲ ಒಂದೇ ಭಾನುವಾರ ತಿದ್ದುತ್ತೇನೆ ಎಂದು ಹಟ ಹಿಡಿಯಬೇಡಿ, ಸುಸ್ತಾಗಿ ಬಿಟ್ಟುಬಿಡುತ್ತೀರಿ. ಯಾವುದೋ ಕಾರಣಕ್ಕೆ ತೆರೆದಾಗ ಅದೊಂದನ್ನು ಸರಿಮಾಡಿದರೆ ಸಾಕು. ಎಂದೂ ತೆರೆಯದ ಟಿಪ್ಪಣಿಯ ಟ್ಯಾಗ್ ಹೇಗಿದ್ದರೇನು?

ಹಿಂದೆ ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟವರಿಗೆ ಒಂದು ಮಾತು. ಆ ಫಾಂಟ್ ಇಲ್ಲದ ಮೊಬೈಲಿಗೆ ಅದು ಕನ್ನಡವೇ ಅಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಸರ್ಚ್‌ಗೂ ಸಿಗದು, ಟ್ಯಾಗ್‌ಗೂ ಒಗ್ಗದು. ಮೊದಲು ಪರಿವರ್ತಕದಲ್ಲಿ ಹಾಕಿ, ಎಲ್ಲ ಮೊಬೈಲಿಗೂ ಕನ್ನಡವೆಂದೇ ತಿಳಿಯುವ ಯುನಿಕೋಡ್‌ಗೆ ತನ್ನಿ. ತಂದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ಓದಿ, ಪರಿವರ್ತಕ ಎಡವುವುದು ಅಲ್ಲೇ. ಟ್ಯಾಗ್ ಹಾಕುವುದು ಅದಾದ ಮೇಲೆ.

ನಮಸ್ಕಾರ.