ಅಡುಗೆ ಯಾರದು ಎಂದು ಮೊದಲು ಕೇಳಿ

ನಮಸ್ಕಾರ, ಬರ್ಲಿನ್ನಿನಿಂದ ಮಾತನಾಡುತ್ತಿದ್ದೇನೆ. ಈ ವಾರ ಟರ್ಕಿಯ ಚಹಾದ ಬಗ್ಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಚಹಾ ಮುಂದಿನ ವಾರಕ್ಕೆ ಹೋಯಿತು. ಶನಿವಾರದಿಂದ ಒಂದು ಸಿಟ್ಟು ಎದೆಯಲ್ಲಿ ಕುಳಿತಿದೆ. ಅದನ್ನು ಹೇಳಿ ಮುಗಿಸದೆ ನನಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ.

ಶನಿವಾರ ಗೆಳೆಯರೊಬ್ಬರ ಮದುವೆಯ ಇಪ್ಪತ್ತೈದನೆಯ ವರ್ಷದ ಸಮಾರಂಭ. ಎಂಬತ್ತು ಜನ ಸೇರಿದ್ದೆವು. ಗಂಡ ಹೆಂಡತಿ ಇಬ್ಬರೂ ಮದುವೆಯಾದ ಹೊಸತರಲ್ಲಿ ಇಸ್ತಾಂಬುಲ್ ಸುತ್ತಿ ಬಂದವರು. ಅಲ್ಲಿನ ಬೀದಿಯಲ್ಲಿ ನಿಂತು ತಿಂದದ್ದನ್ನು ಇವತ್ತಿಗೂ ನೆನೆಯುತ್ತಾರೆ. ಆ ನೆನಪಿಗೆಂದೇ ಟರ್ಕಿಯ ಬೀದಿ ತಿಂಡಿ ಹೇಳಿಸಿದ್ದರು. ಮೇಜಿನ ಮುಂದೆ ದೊಡ್ಡ ಫಲಕ: 'ಅಸಲಿ ಇಸ್ತಾಂಬುಲ್ ರುಚಿ'. ಫಲಕದ ಹಿಂದೆ ಆರು ಸ್ಟೀಲ್ ಪಾತ್ರೆಗಳು, ಅವುಗಳ ಕೆಳಗೆ ಪುಟ್ಟ ಉರಿ.

ನಾನೇ ಮೊದಲ ಮುಚ್ಚಳ ತೆಗೆದೆ. ಒಳಗೆ ಕಟ್ಟಿದ್ದ ಆವಿಯ ಹನಿಗಳು ಸಾಲಾಗಿ ಲಹ್ಮಜುನ್ ಮೇಲೆ ಉದುರಿದವು. ಲಹ್ಮಜುನ್ ಎಂದರೆ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಮೇಲೆ ಖೀಮಾ ಸವರಿ, ಕಾದ ಒಲೆಯೊಳಗೆ ಸುಟ್ಟದ್ದು. ಅಂಚು ಗರಿಗರಿ ಅನ್ನಬೇಕು. ಅದರ ಮೇಲೆ ಪಾರ್ಸ್ಲಿ ಸೊಪ್ಪು ಹಾಕಿ, ನಿಂಬೆ ಹಿಂಡಿ, ಸುರುಳಿ ಸುತ್ತಿ ತಿನ್ನಬೇಕು. ಶನಿವಾರದ ಲಹ್ಮಜುನ್ ಅನ್ನು ಎರಡು ಬೆರಳಲ್ಲಿ ಎತ್ತಿದರೆ ಮಳೆಯಲ್ಲಿ ನೆನೆದ ದಿನಪತ್ರಿಕೆಯ ಹಾಗೆ ಜೋತುಬಿತ್ತು. ಪಕ್ಕದ ಪಾತ್ರೆಯಲ್ಲಿ ಡೋನರ್, ಅಂದರೆ ಸರಳಿಗೆ ಪೋಣಿಸಿ ಬೆಂಕಿಯ ಎದುರು ತಿರುಗಿಸಿ ಸುಡುವ ಮಾಂಸ. ಎಲ್ಲಿಯೋ ಯಾವಾಗಲೋ ಕತ್ತರಿಸಿ ತಂದ ಮಾಂಸ, ತನ್ನದೇ ನೀರಿನಲ್ಲಿ ಬೇಯುತ್ತಾ ಕಂದು ಬಣ್ಣಕ್ಕೆ ತಿರುಗಿತ್ತು.

ಬಡಿಸುತ್ತಿದ್ದ ಹುಡುಗನನ್ನು ಕೇಳಿದೆ, "ಇದನ್ನು ಮಾಡಿದವರು ಯಾರಪ್ಪಾ?" ಎಂದು. "ಗೊತ್ತಿಲ್ಲ, ವ್ಯಾನಿಗೆ ತುಂಬಿಸಿ ಕಳುಹಿಸಿದರು, ನಾವು ತಂದೆವು" ಎಂದ. ಪಾಪ, ಅವನದೇನೂ ತಪ್ಪಿಲ್ಲ. ಆದರೆ ಇಡೀ ರೋಗದ ಹೆಸರು ಆ ಒಂದು ಉತ್ತರದಲ್ಲಿದೆ.

ಈಗ ನಮ್ಮೂರಿಗೆ ಬನ್ನಿ. ಮಲೆನಾಡಿನ ಯಾವುದೇ ಮದುವೆ ಮನೆಯಲ್ಲಿ ಹುಡುಗ ಏನು ಓದಿದ್ದಾನೆ ಎಂದು ಕೇಳುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: ಅಡುಗೆ ಯಾರದು? ಒಳ್ಳೆಯ ಅಡುಗೆ ಭಟ್ಟರ ದಿನ ಸಿಗಲಿಲ್ಲವೆಂದು ಮುಹೂರ್ತವನ್ನೇ ಮುಂದಕ್ಕೆ ಹಾಕಿದವರನ್ನು ನಾನು ಬಲ್ಲೆ. ಹೋಳಿಗೆ ಬೇಯಿಸುವ ಕೈ ಯಾವುದು, ಸಾರಿಗೆ ಒಗ್ಗರಣೆ ಹಾಕುವವರು ಯಾರು ಎನ್ನುವುದು ನಮಗೆ ಮುಖ್ಯ. ಅದೇ ನಾವು ಟರ್ಕಿಯ ಊಟ ಹೇಳಿಸುವಾಗ ತಲೆಗೆಷ್ಟು ಎಂದು ಮಾತ್ರ ಕೇಳುತ್ತೇವೆ. ಅಡುಗೆ ಯಾರದು ಎಂದು ಕೇಳುವುದೇ ಇಲ್ಲ!

ಟರ್ಕಿಯವರಲ್ಲಿ ಇದಕ್ಕೆ ಒಂದು ಪದವಿದೆ: ಉಸ್ತಾ. ಪಾರಸಿಯ ಉಸ್ತಾದ್‌ನಿಂದ ಬಂದದ್ದು. ಕುಸ್ತಿಯ ಗರಡಿಯಲ್ಲೂ ಸಂಗೀತದಲ್ಲೂ ನಾವು ಉಸ್ತಾದ್ ಎನ್ನುತ್ತೇವಲ್ಲ, ಅದೇ ಮಾತು. ಅಲ್ಲಿ ಡೋನರ್ ಕತ್ತರಿಸುವವರೂ ಉಸ್ತಾ, ಗಾರೆ ಕೆಲಸದವರೂ ಉಸ್ತಾ. ಕೈಯಲ್ಲಿ ವಿದ್ಯೆ ಇರುವವರಿಗೆಲ್ಲ ಆ ಮರ್ಯಾದೆ. ಊಟವಾದ ಮೇಲೆ ಅಡುಗೆ ಮಾಡಿದವರಿಗೆ ಅವರು 'ಎಲಿನೆ ಸಾಲಿಕ್' ಎನ್ನುತ್ತಾರೆ. ನಿನ್ನ ಕೈಗೆ ಆರೋಗ್ಯವಿರಲಿ ಎಂದು ಅದರ ಅರ್ಥ. ಹೊಗಳಿಕೆ ಸಲ್ಲುವುದು ಕೈಗೆ. ಶನಿವಾರ ನಾನು ಆ ಮಾತನ್ನು ಯಾರಿಗೆ ಹೇಳಬೇಕಿತ್ತು? ಸ್ಟೀಲ್ ಪಾತ್ರೆಗೆ ಹೇಳಬೇಕಿತ್ತೇ?

ಈ ಉಸ್ತಾ ವಿಷಯವನ್ನು ಹಿಂದಿನ ಸಂಚಿಕೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಹಸಿದವನಿಗೆ ಉಸ್ತಾ ಯಾರಾದರೇನು, ತಟ್ಟೆ ತುಂಬಿದರೆ ಸಾಕು." ಸ್ವಾಮಿ, ತಟ್ಟೆ ತುಂಬಿಸುವುದೇ ಉದ್ದೇಶವಾಗಿದ್ದರೆ ಅನ್ನ ಸಾರು ಮಾಡಿಸಿ. ಅದಕ್ಕಿಂತ ಒಳ್ಳೆಯ ಊಟ ಲೋಕದಲ್ಲಿಲ್ಲ. ಇಸ್ತಾಂಬುಲ್ ಎಂದು ಫಲಕ ಬರೆಸಿದ ಮೇಲೆ ಇಸ್ತಾಂಬುಲ್ ಕೊಡಬೇಕು.

ಇಸ್ತಾಂಬುಲ್ ಬೀದಿಯಲ್ಲಿ ಮಿದ್ಯೆ ದೊಲ್ಮಾ ತಿನ್ನುವುದು ಹೇಗೆ ಗೊತ್ತೇ? ಮಿದ್ಯೆ ಎಂದರೆ ಒಂದು ಜಾತಿಯ ಕಪ್ಪು ಚಿಪ್ಪುಮೀನು. ಅದರ ಚಿಪ್ಪಿನೊಳಗೆ ಮಸಾಲೆಯ ಅನ್ನ ತುಂಬಿ ಬೇಯಿಸುತ್ತಾರೆ. ಸಂಜೆಯ ಹೊತ್ತು ಮೂಲೆಯಲ್ಲಿ ದೊಡ್ಡ ದುಂಡು ತಟ್ಟೆ ಇಟ್ಟುಕೊಂಡು ಒಬ್ಬರು ನಿಂತಿರುತ್ತಾರೆ. ನೀವು ಎದುರಿಗೆ ನಿಲ್ಲುತ್ತೀರಿ. ಅವರು ಒಂದು ಚಿಪ್ಪನ್ನು ಹೆಬ್ಬೆರಳಿನಿಂದ ಬಿಡಿಸಿ, ಮೇಲಿನ ಚಿಪ್ಪನ್ನೇ ಚಮಚದಂತೆ ಅನ್ನದ ಅಡಿಗೆ ತೂರಿಸಿ, ನಿಂಬೆ ಹಿಂಡಿ ನಿಮ್ಮ ಕೈಗೆ ಕೊಡುತ್ತಾರೆ. ನೀವು ತಿನ್ನುವಷ್ಟರಲ್ಲಿ ಇನ್ನೊಂದು ಸಿದ್ಧ. ಸಾಕು ಎನ್ನುವ ತನಕ ಆ ಕೈ ನಿಲ್ಲುವುದಿಲ್ಲ. ಕೊನೆಗೆ ಖಾಲಿ ಚಿಪ್ಪು ಎಣಿಸಿ ಲೆಕ್ಕ. ಆ ತಿಂಡಿಯ ಅರ್ಧ ರುಚಿ ನಿಂಬೆ ಹಿಂಡುವ ಆ ಕೈಯದು. ಇದನ್ನು ಪಾತ್ರೆಯಲ್ಲಿ ಗುಡ್ಡೆ ಹಾಕಿ ಇಟ್ಟರೆ ಏನು ಉಳಿಯಿತು? (ಬೇಸಿಗೆಯ ಸಮಾರಂಭಕ್ಕೆ ಚಿಪ್ಪುಮೀನು ಹೇಳಿಸಲೇಬೇಡಿ. ಬಿಸಿಲಲ್ಲಿ ಇಟ್ಟರೆ ಅದು ರೋಗಕ್ಕೆ ದಾರಿ.)

ಇನ್ನು ಡೋನರ್. ಟರ್ಕಿಯ ಭಾಷೆಯಲ್ಲಿ ಡೋನರ್ ಎಂದರೆ ತಿರುಗುವಂಥದ್ದು ಎಂದೇ ಅರ್ಥ. ಟರ್ಕಿಯ ಬುರ್ಸಾ ಊರಿನ ಅಡುಗೆಯವರಾದ ಇಸ್ಕೆಂದರ್ ಎಫೆಂದಿ ಅವರ ಹೆಸರು ನೆಟ್ಟಗೆ ನಿಲ್ಲಿಸಿ ಸುಡುವ ಡೋನರ್‌ಗೆ 19ನೇ ಶತಮಾನದಿಂದ ಅಂಟಿಕೊಂಡಿದೆ. ಎರ್ಜುರುಮ್ ಕಡೆ ಇವತ್ತಿಗೂ ಸರಳನ್ನು ಅಡ್ಡಲಾಗಿಟ್ಟು ಕುರಿಮಾಂಸ ಸುಡುತ್ತಾರೆ, ಅದು ಜಾ ಕಬಾಬ್. ನೆಟ್ಟಗಿರಲಿ, ಅಡ್ಡ ಇರಲಿ, ಬೆಂಕಿಯ ಎದುರು ತಿರುಗಬೇಕು. ಹೊರಪದರ ಕೆಂಪಗಾದ ಆ ಗಳಿಗೆಯಲ್ಲಿ ಉದ್ದ ಚೂರಿಯಿಂದ ತೆಳ್ಳಗೆ ಸವರಿ ಇಳಿಸಬೇಕು, ಆಗಲೇ ತಿನ್ನಬೇಕು. ತಿರುಗದೆ ಪಾತ್ರೆಯಲ್ಲಿ ಮಲಗಿದ ಮಾಂಸಕ್ಕೆ ತಿರುಗುವಂಥದ್ದು ಎಂಬ ಹೆಸರು ಹೇಗೆ ಸಲ್ಲುತ್ತದೆ?

ಬುಕಿಂಗ್ ಮಾಡುವಾಗ ಇನ್ನೊಂದು ಪ್ರಶ್ನೆ ಕೇಳಿ: ಯಾಪ್ರಾಕೋ, ಕಿಯ್ಮಾನೋ? ಯಾಪ್ರಾಕ್ ಎಂದರೆ ಎಲೆ. ಮಾಂಸವನ್ನು ಎಲೆಯಂತೆ ಹಾಳೆ ಹಾಳೆಯಾಗಿ ಕೊಯ್ದು, ನೆನೆಸಿ, ನಡುನಡುವೆ ಕೊಬ್ಬಿಟ್ಟು ಸರಳಿಗೆ ಪೋಣಿಸಿದ್ದು ಯಾಪ್ರಾಕ್ ಡೋನರ್. ಕಿಯ್ಮಾ ನಮ್ಮ ಖೀಮಾದ ನೆಂಟ. ಅಂದರೆ ಅರೆದ ಮಾಂಸವನ್ನು ಉಂಡೆ ಕಟ್ಟಿ ಅಚ್ಚೊತ್ತಿದ್ದು. ಜರ್ಮನಿಯ ನಿಯಮದಲ್ಲಿ ಡೋನರ್ ಕಬಾಬ್ ಎಂದು ಕರೆಯಬೇಕಾದರೆ ಅದರಲ್ಲಿ ಅರೆದ ಮಾಂಸ ಶೇಕಡ 60 ಮೀರುವಂತಿಲ್ಲ. ಮೀರಿದರೆ 'ಡ್ರೇಶ್ಪೀಸ್' ಎಂದು ಬರೆಯಬೇಕು, ತಿರುಗುವ ಸರಳು ಎಂದಷ್ಟೇ ಅದರ ಅರ್ಥ. ಬರ್ಲಿನ್ನಿನ ಗೂಡಂಗಡಿಗಳ ಫಲಕವನ್ನು ಹತ್ತಿರ ಹೋಗಿ ಓದಿ, ಸಣ್ಣ ಅಕ್ಷರದಲ್ಲಿ ಆ ಪದ ಕಾಣುತ್ತದೆ. ನಾನು ಓದುತ್ತೇನೆ. ನನ್ನ ಜೊತೆ ಬಂದವರಿಗೆ ಬೇಸರವಾದರೂ ಓದುತ್ತೇನೆ.

"ಹಾಗಾದರೆ ಬರ್ಲಿನ್ನಿನ ಡೋನರ್ ಅಸಲಿಯಲ್ಲವೇ?" ಎಂದು ಕೇಳುವವರಿದ್ದಾರೆ. ಖಂಡಿತವಾಗಿಯೂ ಅಸಲಿ. 1961ರ ಒಪ್ಪಂದದ ನಂತರ ಟರ್ಕಿಯಿಂದ ಕೂಲಿಗೆ ಬಂದವರು ಈ ಊರಿನಲ್ಲಿ ಬೇರು ಬಿಟ್ಟರು. 1972ರಲ್ಲಿ ಝೂ ರೈಲು ನಿಲ್ದಾಣದ ಹತ್ತಿರ ಕಾದಿರ್ ನೂರ್ಮಾನ್ ಡೋನರ್ ಅನ್ನು ರೊಟ್ಟಿಯೊಳಗಿಟ್ಟು ಕೈಗೆ ಕೊಟ್ಟರು ಎಂದು ಇಲ್ಲಿ ನೆನೆಯುತ್ತಾರೆ. ನಡೆದಾಡುತ್ತಾ ತಿನ್ನುವ ಊರಿಗೆ ತಕ್ಕ ತಿಂಡಿ. ಇಸ್ತಾಂಬುಲ್‌ನ ಡೋನರ್ ಒಕ್ಕೂಟವೊಂದು 2022ರಲ್ಲಿ ಐರೋಪ್ಯ ಒಕ್ಕೂಟಕ್ಕೆ ಅರ್ಜಿ ಹಾಕಿತ್ತು: ದನದ ವಯಸ್ಸು ಇಷ್ಟಿರಬೇಕು, ಹೋಳಿನ ದಪ್ಪ ಇಷ್ಟಿರಬೇಕು ಎಂದೆಲ್ಲ ಬರೆದು, ಹಾಗಿದ್ದರೆ ಮಾತ್ರ ಡೋನರ್ ಎಂಬ ಹೆಸರು ಎಂದು. ಜರ್ಮನಿ ಒಪ್ಪಲಿಲ್ಲ. 2025ರಲ್ಲಿ ಅರ್ಜಿ ವಾಪಸಾಯಿತು. ನನಗೆ ಆ ಜಗಳದಲ್ಲಿ ಪಕ್ಷವಿಲ್ಲ. ಬುರ್ಸಾದ ಉಸ್ತಾ ಮಾಡಲಿ, ಬರ್ಲಿನ್ನಿನ ಉಸ್ತಾ ಮಾಡಲಿ, ಉಸ್ತಾ ಮಾಡಲಿ. ಕಣ್ಣೆದುರು ಮಾಡಲಿ. ನನ್ನ ಮಾತು ಅಷ್ಟೇ.

ಈ ಕಾರ್ಯಕ್ರಮಕ್ಕೆ ಇನ್ನೂ ಚಂದಾದಾರರಾಗದಿದ್ದರೆ ದಯವಿಟ್ಟು ಈಗಲೇ ಆಗಿ. ಇಸ್ತಾಂಬುಲ್‌ನ ಎಮಿನೊನುವಿನಲ್ಲಿ ದೋಣಿಯ ಮೇಲೆ ಮೀನು ಸುಟ್ಟು ರೊಟ್ಟಿಯಲ್ಲಿಟ್ಟು ಕೊಡುವವರ ಬಗ್ಗೆ ಒಂದು ಇಡೀ ಸಂಚಿಕೆ ಮಾಡಿದ್ದೇನೆ, ಕೇಳದವರು ಕೇಳಿ. ಅದು ನನ್ನ ಅತ್ಯಂತ ಪ್ರೀತಿಯ ಸಂಚಿಕೆ.

ಸರಿ, ಸಸ್ಯಾಹಾರಿಗಳ ಪ್ರಶ್ನೆ. ನಮ್ಮ ಜನರಲ್ಲಿ ಅರ್ಧ ಮಂದಿ ಅದನ್ನೇ ಕೇಳುತ್ತೀರಿ. ಟರ್ಕಿ ಎಂದರೆ ಬರೀ ಮಾಂಸ ಎನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಚೀ ಕೊಫ್ತೆ ಎಂಬುದಿದೆ. ಮೂಲದಲ್ಲಿ ಹಸಿಮಾಂಸ ಹಾಕಿ ನಾದುತ್ತಿದ್ದರು. ಹಸಿಮಾಂಸದ್ದನ್ನು ಮಾರಬಾರದೆಂದು ನಿಯಮ ಬಂದ ಮೇಲೆ ಬೀದಿಯಲ್ಲಿ ಸಿಗುವುದು ಮಾಂಸವಿಲ್ಲದ್ದೇ. ಗೋಧಿಯ ಸಣ್ಣ ನುಚ್ಚು, ಉರ್ಫಾದ ಕಡುಗೆಂಪು ಮೆಣಸು, ಟೊಮೆಟೊ, ಈರುಳ್ಳಿ ಸೇರಿಸಿ ನಾದಬೇಕು, ನಾದುತ್ತಲೇ ಇರಬೇಕು. ಹದವಾದ ಮುದ್ದೆಯನ್ನು ಚಾವಣಿಗೆ ಎಸೆದರೆ ಅಂಟಿಕೊಳ್ಳಬೇಕು ಎಂದು ಅಲ್ಲಿ ತಮಾಷೆ ಮಾಡುತ್ತಾರೆ. ಬೆರಳಚ್ಚು ಮೂಡಿದ ಉಂಡೆಯನ್ನು ಲೆಟ್ಯೂಸ್ ಎಲೆಯಲ್ಲಿಟ್ಟು, ಮೇಲೆ ದಾಳಿಂಬೆಯ ಹುಳಿ ಪಾಕ ಸುರಿದು ಕೊಡುತ್ತಾರೆ. ನಾದಿದವರ ಬೆರಳಿನ ಗುರುತೇ ಅದರ ಆಕಾರ, ಕೈಯ ಸಾಕ್ಷಿ ಇದಕ್ಕಿಂತ ಬೇರೆ ಬೇಕೇ?

ಮತ್ತೆ ಗೊಜ್ಲೆಮೆ, ಅಂದರೆ ಒಳಗೆ ಹೂರಣವಿಟ್ಟು ಮಡಚಿ ಬೇಯಿಸುವ ತೆಳ್ಳನೆಯ ರೊಟ್ಟಿ. ಬರ್ಲಿನ್ನಿನ ಮೇಬಾಖ್ ದಂಡೆಯ ಟರ್ಕಿ ಸಂತೆ ಮಂಗಳವಾರ, ಶುಕ್ರವಾರ ಸೇರುತ್ತದೆ. ಅಲ್ಲಿ ನಾನು ಅಬ್ಲಾ ಎಂದು ಕರೆಯುವ ಒಬ್ಬರಿದ್ದಾರೆ. ಅಬ್ಲಾ ಎಂದರೆ ಅಕ್ಕ. ಅವರ ಲಟ್ಟಣಿಗೆ ನಮ್ಮದರ ಹಾಗೆ ದಪ್ಪವಿಲ್ಲ, ಬೆರಳು ಗಾತ್ರದ ಉದ್ದ ಕೋಲು. ಹಿಟ್ಟನ್ನು ಕೋಲಿಗೆ ಸುತ್ತಿ ಉರುಳಿಸುತ್ತಾರೆ, ಬಿಚ್ಚುತ್ತಾರೆ, ಕಾಲು ಸುತ್ತು ತಿರುಗಿಸುತ್ತಾರೆ, ಮತ್ತೆ ಸುತ್ತುತ್ತಾರೆ. ಪ್ರತಿ ಸಲ ಹಲಗೆಯ ಮೇಲೆ 'ಟಪ್' ಎಂಬ ಶಬ್ದ, ಹಿಟ್ಟಿನ ಪುಡಿಯ ಸಣ್ಣ ಮೋಡ. ಆರೇಳು ಸಲಕ್ಕೆ ಆಚೆಯ ಬೆಳಕು ಕಾಣುವಷ್ಟು ತೆಳ್ಳಗಿನ ಹಾಳೆ. ಪಾಲಕ್, ಚೀಸ್ ಹರಡಿ ಮಡಚಿ ಕಾವಲಿಗೆ ಹಾಕುತ್ತಾರೆ. ಕಂದು ಚುಕ್ಕೆ ಎದ್ದ ಕೂಡಲೇ ಬೆಣ್ಣೆ. ಒಂದು ಲೋಟ ಅಯ್ರಾನ್ ಜೊತೆಗೆ. ಅಯ್ರಾನ್ ನಮ್ಮ ಉಪ್ಪು ಮಜ್ಜಿಗೆಯೇ, ಒಗ್ಗರಣೆಯಿಲ್ಲ, ಅಷ್ಟೇ. ಸಮಾರಂಭಕ್ಕೆ ಇಂಥ ಅಕ್ಕಂದಿರು ಇಬ್ಬರು, ಎರಡು ಕಾವಲಿ ಇದ್ದರೆ ನಿಮ್ಮ ಅತಿಥಿಗಳು ಹತ್ತು ವರ್ಷ ಮರೆಯುವುದಿಲ್ಲ. ಕಟ್ಟುನಿಟ್ಟಿನವರಿದ್ದರೆ ಕಾವಲಿ ಬೇರೆ ಇಡಲು ಹೇಳಿ. ಚೀಸ್‌ಗೆ ಪ್ರಾಣಿಯ ರೆನೆಟ್, ಅಂದರೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು, ಹಾಕಿದೆಯೇ ಎಂದೂ ಕೇಳಿ.

ಉಸ್ತಾರನ್ನೇ ಕರೆಸಿ ಎಂದರೆ ನೀವು ಹೇಳುವುದು ಗೊತ್ತು: "ದುಬಾರಿಯಾಗುತ್ತದೆ." ಆರು ಬಗೆ ಬೇಡ, ಎರಡು ಬಗೆ ಮಾಡಿಸಿ. ಇಸ್ತಾಂಬುಲ್‌ನ ಯಾವ ಕೈಗಾಡಿಯಲ್ಲಿ ಆರು ಬಗೆ ಸಿಗುತ್ತದೆ? ಸಿಮಿತ್ ಎಂಬ ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ಡಿನವರು ಸಿಮಿತ್ ಮಾರುತ್ತಾರೆ, ಕಡಲೆಕಾಳಿನ ಪಿಲಾವ್‌ನವರು ಪಿಲಾವ್ ಮಾರುತ್ತಾರೆ. ಪಟ್ಟಿ ಉದ್ದವಾದಷ್ಟೂ ಮಾಡುವ ಕೈ ದೂರವಾಗುತ್ತದೆ. "ಸಭಾಂಗಣದೊಳಗೆ ಬೆಂಕಿ ಹಚ್ಚಲು ಬಿಡುವುದಿಲ್ಲ." ಅಂಗಳವಿಲ್ಲವೇ? ಅಂಗಳವಿಲ್ಲದ ಸಭಾಂಗಣವನ್ನು ಬೀದಿ ತಿಂಡಿಗೆ ಯಾಕೆ ಹಿಡಿದಿರಿ? "ಸಾಲು ಉದ್ದವಾಗುತ್ತದೆ." ಆಗಲಿ! ಸಾಲಿನಲ್ಲಿ ನಿಂತು ಹಿಂದಿನವರೊಡನೆ ಹರಟುವುದೇ ಬೀದಿಯ ಸುಖ. ದೋಸೆಗಾಗಿ ಕಾದವರಲ್ಲವೇ ನಾವು?

ಇಜ್ಮಿರ್‌ನಲ್ಲಿ ಯಾರಾದರೂ ತೀರಿಕೊಂಡರೆ, ಅವರ ನೆನಪಿಗೆ ಮನೆಯವರು ಲೊಕ್ಮಾ ಮಾಡಿಸಿ ಹಂಚುತ್ತಾರೆ. ಲೊಕ್ಮಾ ಎಂದರೆ ಎಣ್ಣೆಯಲ್ಲಿ ಕರಿದು ಪಾಕದಲ್ಲಿ ಅದ್ದಿದ ಪುಟ್ಟ ಉಂಡೆ. ಬಾಣಲೆಯನ್ನು ಬೀದಿಗೇ ತರುತ್ತಾರೆ. ಹಿಟ್ಟು ಎಣ್ಣೆಗೆ ಬೀಳುತ್ತದೆ, ಉಬ್ಬುತ್ತದೆ, ದಾರಿಹೋಕರು ಸಾಲಾಗಿ ನಿಲ್ಲುತ್ತಾರೆ, ಬಿಸಿಬಿಸಿ ಪಡೆದು ಸತ್ತವರಿಗೆ ಒಳ್ಳೆಯದನ್ನು ಬೇಡಿ ಹೋಗುತ್ತಾರೆ. ಹಳ್ಳಿಯ ಮದುವೆಗಳಲ್ಲಿ ಕೆಶ್ಕೆಕ್ ಎಂಬ ಅಡುಗೆಗೆ ಗೋಧಿ, ಮಾಂಸ ಬೇಯಿಸಿ, ಡೋಲು, ಓಲಗದಂಥ ಜುರ್ನಾ ನುಡಿಯುತ್ತಿರುವಾಗ ಮರದ ಕೊಡತಿಯಲ್ಲಿ ಕುಟ್ಟುತ್ತಾರೆ. 2011ರಲ್ಲಿ ಯುನೆಸ್ಕೊ ಆ ಆಚರಣೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸಾವಿರಲಿ ಮದುವೆಯಿರಲಿ, ಅವರು ಒಲೆಯನ್ನು ಜನರ ನಡುವೆಯೇ ಇಡುತ್ತಾರೆ. ಒಲೆಯನ್ನು ಬಚ್ಚಿಟ್ಟು ಪಾತ್ರೆಯನ್ನಷ್ಟೇ ತಂದಿಟ್ಟವರು ನಾವು.

ಆದ್ದರಿಂದ ಫೋನ್ ಮಾಡಿದಾಗ ಬೆಲೆ ಕೇಳುವ ಮೊದಲು ಕೇಳಿ: ಉಸ್ತಾ ಯಾರು? ಅವರೇ ಬರುತ್ತಾರೆಯೇ? ಎಲ್ಲಿ ನಿಂತು ಮಾಡುತ್ತಾರೆ? ಅತ್ತ ಕಡೆಯವರು ತಡವರಿಸಿದರೆ ಫೋನ್ ಇಟ್ಟುಬಿಡಿ. ಇನ್ನೂರು ಒಳ್ಳೆಯ ಅಭಿಪ್ರಾಯಗಳಿದ್ದರೂ ಇಟ್ಟುಬಿಡಿ, ಫಲಕ ಎಷ್ಟು ಚೆಂದವಿದ್ದರೂ ಇಟ್ಟುಬಿಡಿ. ಅಡುಗೆ ಯಾರದು? ಅಡುಗೆ ಯಾರದು? ನಿಮ್ಮ ಅಜ್ಜಿ ಇದ್ದಿದ್ದರೆ ಇದನ್ನೇ ಕೇಳುತ್ತಿದ್ದರು!

ಶನಿವಾರ ರಾತ್ರಿ ಹೊರಡುವಾಗ ಗೆಳತಿ ಬಾಗಿಲ ತನಕ ಬಂದು ಕೇಳಿದಳು, "ನಿಜ ಹೇಳು, ಅಲ್ಲಿ ತಿಂದ ಹಾಗೆ ಇರಲಿಲ್ಲ ಅಲ್ಲವೇ?" ಎಂದು. ಅವಳ ಕಣ್ಣು ನೋಡಿ ನನಗೆ ಸುಳ್ಳು ಹೇಳಲಾಗಲಿಲ್ಲ. ಇರಲಿಲ್ಲ ಎಂದೆ. ಈ ಶುಕ್ರವಾರ ಇಬ್ಬರನ್ನೂ ಸಂತೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಬ್ಲಾ ಹತ್ತು ಗಂಟೆಗೆಲ್ಲ ಕಾವಲಿ ಕಾಯಿಸಿರುತ್ತಾರೆ.