ಸಿಗಂದೂರಿನ ಆಣೆ, ಮೆಗ್ಗಾನ್ ಆಸ್ಪತ್ರೆಯ ಚೀಟಿ

"ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು, ಅವನಿಗೆ ಮನಸ್ಸೇ ಇಲ್ಲ." ಕುಡಿಯುವವರಿರುವ ಮಲೆನಾಡಿನ ಯಾವ ಮನೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಕೆಟ್ಟ ಅಭ್ಯಾಸಕ್ಕೆ ಈ ಮಾತು ಸರಿ. ಚಟಕ್ಕೆ ಸಲ್ಲದು, ಕೆಲವೊಮ್ಮೆ ಪ್ರಾಣಕ್ಕೇ ಎರವಾಗುತ್ತದೆ.

ಉಗುರು ಕಚ್ಚುವುದು, ಉಣ್ಣುವಾಗ ಮೊಬೈಲ್ ನೋಡುವುದು ಅಭ್ಯಾಸ. ಬಿಟ್ಟರೆ ನಾಲ್ಕು ದಿನ ಕಸಿವಿಸಿ, ಅಷ್ಟೇ. ಚಟ ಹಿಡಿದವನಿಗೆ ತೋಟದ ಮೇಲಿನ ಸಾಲ ಗೊತ್ತು, ಲಿವರ್ ಕೆಟ್ಟಿರುವುದು ಗೊತ್ತು, ಹೆಂಡತಿ ತವರಿಗೆ ಹೋದದ್ದೂ ಗೊತ್ತು. ಆದರೂ ಸಂಜೆಗೆ ಕಾಲು ಅಂಗಡಿಯತ್ತಲೇ ಎಳೆಯುತ್ತದೆ. ಓಸಿ (ಮಟ್ಕಾ ಜೂಜು) ಚೀಟಿ ಬರೆಸುವವನ ಹೊಟ್ಟೆಗೆ ಒಂದು ಹನಿಯೂ ಇಳಿಯುವುದಿಲ್ಲ, ಅವನ ಪಾಡೂ ಇದೇ.

ಇನ್ನು ಕವಳ, ಅಂದರೆ ಎಲೆಯಡಿಕೆ. ಊಟದ ಮೇಲೆ ಒಂದು ಹಾಕುವವರದು ಅಭ್ಯಾಸ. ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾದ ಮೇಲೂ ದವಡೆಗೆ ಒತ್ತಿಕೊಂಡೇ ಮಲಗುವವರದು ಚಟ. ಹೊಗೆಸೊಪ್ಪು ಸೇರದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಮಂಡಿಯ ಊರಿನಲ್ಲಿ ಕೂತು ಇದನ್ನು ಹೇಳಿದರೆ ಬೈಗುಳ ಖಚಿತ. ಇರಲಿ.

ಕುಡಿತಕ್ಕೆ ಬರುತ್ತೇನೆ. ಬೆಳಿಗ್ಗೆ ಕುಡಿತದ ಚಟ ಹಿಡಿದವನ ಕೈ ನೋಡಿ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅಂಗಿಯ ಮೇಲೆ ಚೆಲ್ಲುತ್ತದೆ. ಎರಡು ಗುಟುಕು ಸಾರಾಯಿ ಇಳಿದರೆ ಅದೇ ಕೈ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಷ್ಟು ನೆಟ್ಟಗಾಗುತ್ತದೆ. ಮದ್ಯ ಮಿದುಳನ್ನು ಮಂಕಾಗಿಸುತ್ತದೆ; ವರ್ಷಗಟ್ಟಲೆ ಕುಡಿದವನ ಮಿದುಳು ಅದಕ್ಕೆದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಉದ್ರೇಕಕ್ಕೆ ಲಗಾಮಿಲ್ಲ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನಕ್ಕೆ ಗೋಡೆಯ ಮೇಲೆ ಇಲ್ಲದ ಹುಳು ಕಾಣಬಹುದು, ಜ್ವರ ಏರಬಹುದು, ಜೀವವೂ ಹೋಗಬಹುದು.

ನಾವು ಮಾಡುವುದೇನು? ಸಿಗಂದೂರು ಚೌಡೇಶ್ವರಿಯ ಗುಡಿಗೆ ಕರೆದೊಯ್ದು ಆಣೆ ಹಾಕಿಸುತ್ತೇವೆ, ಇಲ್ಲವೇ ಕೋಣೆಗೆ ಕೂಡಿ ಚಿಲಕ ಹಾಕುತ್ತೇವೆ. ಮೂರನೆಯ ದಿನ ಅವನು ಬಡಬಡಿಸಿದರೆ ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತೇವೆ! ಇದೇ ಹೊತ್ತಿನಲ್ಲಿ ಆಸ್ಪತ್ರೆಯಲ್ಲಾದರೆ ನರಗಳನ್ನು ಶಾಂತಗೊಳಿಸುವ ಔಷಧವನ್ನು ದಿನದಿಂದ ದಿನಕ್ಕೆ ಇಳಿಸುತ್ತ, ಬಿ1 ವಿಟಮಿನ್ ಕೊಡುತ್ತ, ಕೆಲವೇ ದಿನಗಳಲ್ಲಿ ಈ ಗಂಡಾಂತರ ದಾಟಿಸುತ್ತಾರೆ. ಚಟ ಬಿಡಿಸುವ ಕೆಲಸ ಶುರುವಾಗುವುದೇ ಆಮೇಲೆ, ಅದಕ್ಕೆ ತಿಂಗಳುಗಳು ಬೇಕು.

ಆಣೆಗೆ ನನ್ನ ತಕರಾರಿಲ್ಲ. ಕೈ ನಡುಗುವವನನ್ನು ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರ ಮುಂದೆ ಕೂರಿಸಿ. ಮಳೆಗಾಲದಲ್ಲಿ ಬಸ್ ಇಲ್ಲವೇ? ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಿ, ಉಚಿತ. ಫಿಟ್ಸ್ ಬಂದರೆ ಮಾತ್ರ ಯಾರನ್ನೂ ಕೇಳುತ್ತ ಕೂರದೆ 108ಕ್ಕೆ ಫೋನ್ ಮಾಡಿ.