ನೊಣಕ್ಕೆ ಜೇನು ಸೇರಿಸಿದ ಮನೆತನ

ನಮಸ್ಕಾರ! ನಮ್ಮ ರೋಮ್ ವಿಡಿಯೋ ನೋಡಿದ ಒಬ್ಬರು ಕೇಳಿದ್ದರು: "ಆ ಬಾರ್ಬೆರಿನಿ ಅರಮನೆ ಗೋಡೆ ಮೇಲೆ ಮೂರು ನೊಣ ಯಾಕೆ ಕೆತ್ತಿದ್ದಾರೆ?" ನಾನು ನಕ್ಕುಬಿಟ್ಟೆ. ನೊಣ ಅಲ್ಲ ಸ್ವಾಮಿ, ಜೇನುನೊಣ! ಆಮೇಲೆ ಓದಿ ನೋಡಿದರೆ, ತಪ್ಪು ನನ್ನದೇ.

[ತೆರೆಯ ಮೇಲೆ: ಬಾರ್ಬೆರಿನಿ ಅರಮನೆಯ ಮುಂಭಾಗ]

ಬೇಸಿಕ್ಸ್ ಬೇಗ ಮುಗಿಸೋಣ. ಯುರೋಪಿನ ದೊಡ್ಡ ಮನೆತನಗಳಿಗೆ ತಮ್ಮದೇ ಲಾಂಛನ ಇರುತ್ತಿತ್ತು. ಗುರಾಣಿ ಆಕಾರದ ಕಲ್ಲು, ಅದರೊಳಗೆ ಚಿಹ್ನೆ. ಮನೆ ಯಾರದ್ದು ಅಂತ ಓದು ಬಾರದವರಿಗೂ ಗೊತ್ತಾಗಬೇಕು, ಅಷ್ಟೇ. ಬಾರ್ಬೆರಿನಿ ಮನೆತನದ್ದು ನೀಲಿ ಬಣ್ಣದ ಮೇಲೆ ಮೂರು ಚಿನ್ನದ ಜೇನುನೊಣ.

ಈಗ ಮಜಾ ಕೇಳಿ. ಇವರು ಮೂಲತಃ ಇಟಲಿಯ ಟಸ್ಕನಿ ಕಡೆಯ ಬಾರ್ಬೆರಿನೋ ಅನ್ನೋ ಊರಿನವರು. ಮನೆತನದ ಹಳೇ ಹೆಸರು ತಫಾನಿ ಅಂತ ಹೇಳುತ್ತಾರೆ. 'ತಫಾನೋ' ಅಂದರೆ ದನ, ಕುದುರೆಗಳ ರಕ್ತ ಹೀರುವ ದೊಡ್ಡ ನೊಣ! ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಪಾಪ, ಹಸು ಬಾಲ ಬೀಸಿ ಬೀಸಿ ಸುಸ್ತಾದರೂ ಅದು ಬಿಡುವುದಿಲ್ಲ. ಮೊದಲು ಅವರ ಲಾಂಛನದಲ್ಲೂ ಅದೇ ಇತ್ತಂತೆ. ದುಡ್ಡು, ಅಧಿಕಾರ ಬಂದ ಮೇಲೆ ಮುಜುಗರ ಆಗದೇ ಇರುತ್ತದಾ? ನಾವೇ ಗೇಟಿಗೆ 'ಗುರುಕೃಪಾ' ಅಂತ ಬೋರ್ಡ್ ಹಾಕುತ್ತೇವೆ, 'ಸೊಳ್ಳೆ ನಿಲಯ' ಅಂತ ಹಾಕುತ್ತೇವಾ? ಊರಿನ ಹೆಸರೇ ಮನೆತನದ ಹೆಸರಾಯಿತು. ರಕ್ತ ಹೀರುವ ನೊಣ ಜೇನುನೊಣ ಆಯಿತು. ಕನ್ನಡದಲ್ಲಾಗಿದ್ದರೆ ಇನ್ನೂ ಸುಲಭ, ನೊಣದ ಹಿಂದೆ 'ಜೇನು' ಸೇರಿಸಿದರೆ ಮುಗೀತು!

1623ರಲ್ಲಿ ಈ ಮನೆಯ ಮಫೆಯೋ ಪೋಪ್ ಆದರು, 8ನೇ ಅರ್ಬನ್ ಅನ್ನೋ ಹೆಸರಲ್ಲಿ. ಅಣ್ಣನ ಮಗ ಫ್ರಾಂಚೆಸ್ಕೋ ಅದೇ ವರ್ಷ ಕಾರ್ಡಿನಲ್, ಅಂದರೆ ಪೋಪ್ ಕೆಳಗಿನ ಅತಿ ಹಿರಿಯ ಪಾದ್ರಿಗಳಲ್ಲಿ ಒಬ್ಬರು. ಸುಮ್ನೆ ಹೇಳುತ್ತಿಲ್ಲ, ಇದನ್ನು ಕಲ್ಲಿನಲ್ಲೇ ಓದಬಹುದು. ಗುರಾಣಿ ಮೇಲೆ ಎತ್ತರದ ಕಿರೀಟ, ಹಿಂದೆ ಅಡ್ಡಡ್ಡ ಎರಡು ಬೀಗದ ಕೈ ಇದ್ದರೆ ಅದು ಪೋಪ್ ಲಾಂಛನ. ಅಗಲ ಟೋಪಿ, ಎರಡೂ ಕಡೆ ಗೊಂಡೆಗಳ ಸಾಲು ಇದ್ದರೆ ಕಾರ್ಡಿನಲ್ ಲಾಂಛನ. ರೋಮ್‌ಗೆ ಹೋದರೆ ಜೇನುನೊಣದ ಮೇಲೆ ಏನಿದೆ ನೋಡಿ.

ಟೈಮ್ ಕಮ್ಮಿ ಇದೆ, ಉಳಿದದ್ದು ಓಡಿಸುತ್ತೇನೆ. ಅರಮನೆ ಕಟ್ಟೋಕೆ ಆ ಕಾಲದ ದೊಡ್ಡ ವಾಸ್ತುಶಿಲ್ಪಿಗಳಾದ ಮದೆರ್ನೋ, ಬೆರ್ನಿನಿ, ಬೊರೊಮಿನಿ ಮೂವರೂ ಕೈ ಹಾಕಿದ್ದಾರೆ. ಇದೇ ಪೋಪ್, ರೋಮ್‌ನ ಪುರಾತನ ದೇವಾಲಯ ಪ್ಯಾಂಥಿಯನ್‌ನ ಮುಖಮಂಟಪದ ಕಂಚು ಕೀಳಿಸಿ ಫಿರಂಗಿ ಮಾಡಿಸಿದಾಗ ಜನ ಆಡಿಕೊಂಡರು: "ಬರ್ಬರರು ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು." ಲ್ಯಾಟಿನ್ ಶ್ಲೇಷೆ ಕನ್ನಡಕ್ಕೂ ಹಾಗೇ ಕೂರುತ್ತದೆ, ಅಲ್ವಾ?

ಕೊನೆಗೆ ಬೆರ್ನಿನಿಯ ಜೇನುನೊಣದ ಕಾರಂಜಿ, 1644. ಪೋಪ್ ಆಳ್ವಿಕೆಯ 22ನೇ ವರ್ಷ ಅಂತ ಅದರ ಮೇಲೆ ಕೆತ್ತಿಸಿಬಿಟ್ಟಿದ್ದರಂತೆ. ಆದರೆ ಆಗಿನ್ನೂ ನಡೆಯುತ್ತಿದ್ದದ್ದು 21. ಜನ ಅಪಶಕುನ ಅಂತ ನಕ್ಕರು. ರೋಮನ್ ಅಂಕಿಯ ಕೊನೆಯ ಒಂದು ಗೀಟನ್ನು ರಾತ್ರೋರಾತ್ರಿ ಕೆತ್ತಿ ತೆಗೆಸಿದರು ಅಂತ ಕಥೆ. 22ನೇ ವರ್ಷ ಶುರುವಾಗಲು ಎಂಟೇ ದಿನ ಬಾಕಿ ಇದ್ದಾಗ, ಜುಲೈ 29ಕ್ಕೆ, ಪೋಪ್ ತೀರಿಕೊಂಡರು.